ಹುಳುಮನೆಯ ಹಾಡು: ಏಳನೆಯ ಕಂತು

"ಹಾಡು ಕಟ್ಟಿದ್ದು ಯಾರು ಅನ್ನೋದು ಇವತ್ತೇ ಗೊತ್ತಾಗ್ಬೇಕು. ಅಲ್ಲೀಗಂಟ ಎರಡು ತಂಡದೋರೂ ಸ್ಟೇಜ್ ಹತ್ತಂಗಿಲ್ಲ."

ಗೋಪಾಲಪ್ಪ ಮೈಕಿಲ್ಲದೆಯೇ ಹೇಳಿದರು. ಆದರೂ ಮಾತು ಮೂಕಂಡಪಲ್ಲಿಯ ಆ ಕಲ್ಯಾಣ ಮಂಟಪದ ಕೊನೆಯ ಕುರ್ಚಿಯವರೆಗೂ ಹೋಯಿತು. ಮಂಟಪ ಅವರದೇ, ರಾಕ್ ಸ್ಪರ್ಧೆಯ ಖರ್ಚೂ ಅವರದೇ, ಹಾಗಾಗಿ ತೀರ್ಪೂ ಅವರದೇ. ನಿನ್ನೆ ನಡೆದ ಮದುವೆಯ ಪ್ಲಾಸ್ಟಿಕ್ ಹೂವಿನ ಕಮಾನು ಇನ್ನೂ ವೇದಿಕೆಯ ಮೇಲಿತ್ತು. ಗಂಡು ಹೆಣ್ಣು ಕೂರಬೇಕಾದ ಜಾಗದಲ್ಲಿ ಡ್ರಮ್ ಸೆಟ್ಟು ಕೂತಿತ್ತು.

ವರಲಕ್ಷ್ಮಿಗೆ ಈ ಮಂಟಪ ಹೊಸದಲ್ಲ. ಹೊಸೂರು ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯ ಮೇಲೆ ಅವಳ ಪತ್ತೇದಾರಿ ಆಫೀಸು. ಇಷ್ಟು ವರ್ಷ ಅವಳು ಪತ್ತೆ ಮಾಡಿದ್ದೆಲ್ಲ ಗಂಡಿನ ಕುಡಿತ, ಹೆಣ್ಣಿನ ಹಳೆಯ ಪ್ರೀತಿ, ಬೀಗರಾಗಲಿರುವವರ ಸುಳ್ಳು ತೋಟ. ಮದುವೆಗಳನ್ನು ಮುರಿಸಿದ್ದೂ ಉಂಟು, ಉಳಿಸಿದ್ದೂ ಉಂಟು. ರಾಕ್ ಹಾಡಿನ ಕಳ್ಳತನ ಮಾತ್ರ ಇದೇ ಮೊದಲು. ಮಾಲಾ ಎಂಬ ಹಾಡುಗಾರ್ತಿ ಕಟ್ಟಿದ ಹಾಡು ಅವಳ ತಂಡ ವೇದಿಕೆಗೆ ತರುವ ಮೊದಲೇ ಬೇರೆ ತಂಡದ ಹೆಸರಿನಲ್ಲಿ ಇಂಟರ್‌ನೆಟ್ಟಿಗೆ ಬಂದುಬಿಟ್ಟಿತ್ತು. ಕಳ್ಳನನ್ನು ಹಿಡಿದುಕೊಡಿ ಎಂದು ಆ ತಂಡದ ಡ್ರಮ್ಮರ್ ಬೀರೇಶ್ ವರಲಕ್ಷ್ಮಿಯ ಬಾಗಿಲು ತಟ್ಟಿದ್ದ.

ಬೀರೇಶನ ತಂಡದ ಹೆಸರು 'ಹುಳುಮನೆ'. ಎದುರು ತಂಡದ್ದು 'ರಾತ್ರಿಪಾಳಿ'. ಅದರ ನಾಯಕ ಹರಿಕೃಷ್ಣ ಕಾಲ ಮೇಲೆ ಕಾಲು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಹಾಡು ಮೊದಲು ಬಂದದ್ದು ಅವನ ಹೆಸರಿನಲ್ಲಿ. ತಾರೀಖು ಅವನ ಪರ, ಸ್ಟುಡಿಯೋ ಅವನ ಪರ, ಅಷ್ಟು ದೊಡ್ಡ ಗಡ್ಡವೂ ಅವನ ಪರ.

"ಒಂದು ಹಾಡು ಹೋದ್ರೆ ಹೋಗ್ಲಿ ಬಿಟ್ಬುಡಿ ಅಕ್ಕಾ," ಎಂದು ಮಾಲಾ ಬೆಳಗ್ಗೆಯೇ ವರಲಕ್ಷ್ಮಿಯ ಕೈ ಹಿಡಿದು ಬೇಡಿಕೊಂಡಿದ್ದಳು. ಈಗಲೂ ಗೋಡೆಗೆ ಒರಗಿ, ಫ್ಯಾಕ್ಟರಿಯ ಯೂನಿಫಾರ್ಮಿನ ಗುಂಡಿ ತಿರುವುತ್ತಾ ತಲೆ ತಗ್ಗಿಸಿ ಕೂತಿದ್ದಳು. ವಾರವೆಲ್ಲ ಕನ್ವೇಯರಿನ ಮುಂದೆ ನಿಂತು ಬಂದ ಹುಡುಗಿ, ಸೋತು ಸುಣ್ಣವಾಗಿದ್ದಾಳೆ ಎಂದು ವರಲಕ್ಷ್ಮಿ ತಿಳಿದುಕೊಂಡಳು. ಇವತ್ತು ಸೋತರೆ ಹಾಡು ಹೋಗುವುದಷ್ಟೇ ಅಲ್ಲ. ಹೊಸೂರಿನಿಂದ ಕೃಷ್ಣಗಿರಿಯವರೆಗೆ ಯಾವ ವೇದಿಕೆಯೂ ಇವರಿಗೆ ಸಿಗುವುದಿಲ್ಲ, ಕಳ್ಳರು ಅನ್ನುವ ಹೆಸರು ಅಂಟಿಕೊಳ್ಳುತ್ತದೆ.

"ಗೋಪಾಲಪ್ಪನೋರೇ," ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಈ ತಮ್ಮನ ಹತ್ರ ಎರಡು ಮಾತು ಕೇಳ್ಬೇಕು. ನೀವೂ ಕೇಳಿಸ್ಕಳಿ."

ಅವಳ ಧೈರ್ಯಕ್ಕೆ ಕಾರಣ ಬೆಳಗ್ಗೆ ಬೇರಿಕೆ ಊರಿನ ಕಡೆಗೆ ಹೋಗಿ ಬಂದದ್ದು.

ಅಲ್ಲಿ ಬೀರೇಶನ ಅಜ್ಜಿ ದೊಡ್ಡಮುನಿಯಮ್ಮ ರೇಷ್ಮೆ ಸಾಕುತ್ತಾಳೆ. ಹುಳುಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಯಲ್ಲೇ ಹುಡುಗರ ಅಭ್ಯಾಸ. ತಂಡಕ್ಕೆ ಆ ಹೆಸರು ಬಂದದ್ದೂ ಹಾಗೆಯೇ. ಬೆಳೆ ಮುಗಿದು ಮನೆ ತೊಳೆದು ಬಿಟ್ಟ ದಿನಗಳಲ್ಲಿ ಎಷ್ಟು ಬೇಕಾದರೂ ಬಾರಿಸಬಹುದು. ಹುಳು ಇರುವಾಗ ಅಜ್ಜಿಯದೇ ರಾಜ್ಯ. ಅದರಲ್ಲೂ ಹುಳು ಜ್ವರಕ್ಕೆ ಕೂತಾಗ ಕೇಳುವುದೇ ಬೇಡ.

ರೇಷ್ಮೆ ಹುಳು ನಡುನಡುವೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಅಲುಗಾಡದೆ ಕೂತು ಪೊರೆ ಬಿಡುತ್ತದೆ. ಸಾಕುವವರು ಅದನ್ನು ಜ್ವರ ಅನ್ನುತ್ತಾರೆ. ಆಗ ಆ ಮನೆಯಲ್ಲಿ ಬಾಣಂತಿ ಮಲಗಿದ್ದಾಳೇನೋ ಅನ್ನುವ ಹಾಗೆ ಓಡಾಡುತ್ತಾರೆ. ಹೊರಗಿನವರಿಗೆ ಒಳಗೆ ಕಾಲಿಡಲು ಬಿಡುವುದಿಲ್ಲ, ಜೋರು ಮಾತೂ ಆಡುವುದಿಲ್ಲ.

ವರಲಕ್ಷ್ಮಿಯನ್ನೂ ದೊಡ್ಡಮುನಿಯಮ್ಮ ಒಳಗೆ ಬಿಡಲಿಲ್ಲ. ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಮೊಮ್ಮಗನನ್ನು ಮನಸಾರೆ ಬೈದಳು. ಕಳೆದ ಬೆಳೆಯಲ್ಲಿ ಹುಳು ಜ್ವರಕ್ಕೆ ಕೂತಿದ್ದಾಗಲೇ ಈ ಮಕ್ಕಳು ಕದ್ದುಮುಚ್ಚಿ ಬಂದು ಡ್ರಮ್ ಬಡಿಯಲು ಶುರು ಮಾಡಿದರಂತೆ. ಅವಳು ಹೋಗಿ ಬೀರೇಶನ ಕೈ ಹಿಡಿದು ನಿಲ್ಲಿಸಿದಳಂತೆ. ಅವನೂ ಅವಳ ಮೊಮ್ಮಗನೇ ತಾನೇ, ಬಿಟ್ಟಾನೆಯೇ? ಡ್ರಮ್ ಬಿಟ್ಟು, ಗೋಡೆಗೆ ಒರಗಿಸಿದ್ದ ಚಂದ್ರಿಕೆಯ ಮೇಲೆ ಬೆರಳಿನಲ್ಲಿ ತಟ್ಟತೊಡಗಿದ. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆ. ಮಾಲಾ ಹಾಡು ನಿಲ್ಲಿಸದೆ, ದನಿ ತಗ್ಗಿಸಿ ಹಾಡಿ ಮುಗಿಸಿದಳಂತೆ.

"ಅವತ್ತು ಬೈದಿದ್ದು ಬೈದೆ. ಪದ ಮಾತ್ರ ಎದೆ ಕಿತ್ಕಂಡು ಬರಂಗಿತ್ತು ಕಣಮ್ಮ," ಎಂದಿದ್ದಳು ಮುದುಕಿ.

ಆ ದಿನದ ಹಾಡು ಬೀರೇಶನ ಫೋನಿನಲ್ಲಿ ರೆಕಾರ್ಡಾಗಿತ್ತು. ಕೆಟ್ಟುಹೋದ ರೆಕಾರ್ಡು ಎಂದು ಅವನು ಅದನ್ನು ಮರೆತೇಬಿಟ್ಟಿದ್ದ. ಆಮೇಲೆ ಆ ಫೋನೇ ಬೇರಿಕೆ ಬಸ್ಸಿನಲ್ಲಿ ಕಳೆದುಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ವರಲಕ್ಷ್ಮಿ ಕಿವಿಗೆ ವೈರು ಸಿಕ್ಕಿಸಿಕೊಂಡು ಹರಿಕೃಷ್ಣನ ಹಾಡನ್ನು ಮತ್ತೆ ಮತ್ತೆ ಕೇಳಿದಳು. ಎರಡನೆಯ ಚರಣದ ನಡುವೆ ಡ್ರಮ್ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಅದರ ಬದಲಿಗೆ ಟರಟರ ಎಂದು ಏನೋ ಒಣ ಸದ್ದು. ಸದ್ದಿನ ಅಡಿಯಲ್ಲಿ ಇನ್ನೇನೋ ಇತ್ತು, ಗೊಣಗಿದ ಹಾಗೆ. ಬಸ್ಸಿನ ಗದ್ದಲದಲ್ಲಿ ಅದು ಸ್ಪಷ್ಟವಾಗಲಿಲ್ಲ. ಸೂಳಗಿರಿ ಕಡೆಯ ಇಬ್ಬರು ಹೆಂಗಸರು ಪಕ್ಕದಲ್ಲೇ ಟೊಮ್ಯಾಟೊ ರೇಟಿನ ಜಗಳ ಆಡುತ್ತಿದ್ದರು.

ಅದೇನೆಂಬ ಊಹೆ ಅವಳಿಗಿತ್ತು, ಖಾತ್ರಿ ಇರಲಿಲ್ಲ. ಊಹೆ ತಪ್ಪಾದರೆ ಇಷ್ಟು ಜನರ ಮುಂದೆ ಮರ್ಯಾದೆ ಹೋಗುವುದು ಖಂಡಿತ. ಇರಲಿ, ನೀರಿಗೆ ಇಳಿದ ಮೇಲೆ ಚಳಿಯೇನು, ಮಳೆಯೇನು.

"ತಮ್ಮಾ," ಎಂದು ಅವಳು ಹರಿಕೃಷ್ಣನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಹಾಡು ಚೆನ್ನಾಗೈತೆ. ನನ್ನಂಥೋಳಿಗೆ ರಾಕು ಗೀಕು ತಿಳಿಯಕ್ಕಿಲ್ಲ, ನೀವೇ ಹೇಳ್ಕೊಡಿ. ಎರಡನೇ ಚರಣದಾಗೆ ಡ್ರಮ್ ಯಾಕೆ ನಿಂತೋಯ್ತದೆ?"

ಹರಿಕೃಷ್ಣ ಗಡ್ಡ ನೀವಿಕೊಂಡ. ಗಡಿಯಲ್ಲಿ ಬದುಕುವ ಜನಕ್ಕೆ ಮಾತೇ ನಿಂತುಹೋಗುವ ಒಂದು ಗಳಿಗೆ ಬರುತ್ತದೆ, ಆ ಮೌನವನ್ನೇ ತಾನು ಅಲ್ಲಿ ಇಟ್ಟಿದ್ದೇನೆ ಎಂದು ವಿವರಿಸಿದ. ಸುತ್ತ ನಿಂತಿದ್ದ ಬೇರೆ ತಂಡಗಳ ಹುಡುಗರು ತಲೆದೂಗಿದರು. ಕೃಷ್ಣಗಿರಿಯಿಂದ ಬಂದಿದ್ದ ಒಬ್ಬ ಗಿಟಾರಿಸ್ಟನಂತೂ ಕಣ್ಣು ಮುಚ್ಚಿಕೊಂಡು ಅದನ್ನು ಅನುಭವಿಸಿದ.

ಆ ಟರಟರ ಸದ್ದು ಯಾವುದು ಎಂದು ಅವಳು ಕೇಳಿದಳು. ಮಳೆ, ಎಂದ ಅವನು. ಕಂಪ್ಯೂಟರಿನಲ್ಲಿ ಮಾಡಿದ ಮಳೆ.

"ಹೊರಗಡೆ ರೆಕಾರ್ಡ್ ಮಾಡಿದ್ದು ಏನಾದ್ರೂ ಸೇರ್ಸಿದ್ದೀರಾ?"

"ಒಂದು ಚೂರೂ ಇಲ್ಲ ಅಕ್ಕಾ. ಎಲ್ಲಾ ನಮ್ಮ ಸ್ಟುಡಿಯೋದಲ್ಲೇ ಆಗಿದ್ದು."

ಹೇಳುವಾಗ ಅವನು ವರಲಕ್ಷ್ಮಿಯನ್ನು ನೋಡಲಿಲ್ಲ. ಅವಳ ಭುಜದಾಚೆಗೆ, ಗೋಡೆಯ ಬಳಿ ಕೂತ ಮಾಲಾಳನ್ನು ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ವರಲಕ್ಷ್ಮಿ ಒಳಗೊಳಗೇ ಹಿಗ್ಗಿದಳು.

ಸೌಂಡ್ ಮಿಕ್ಸರಿನ ಮುಂದೆ ಕುಮಾರೇಶ್ ಎಂಬ ಯುವಕ ಕೂತಿದ್ದ. ಹರಿಕೃಷ್ಣನ ಹಾಡಿನ ಎರಡನೆಯ ಚರಣವನ್ನು ಮಂಟಪದ ದೊಡ್ಡ ಸ್ಪೀಕರುಗಳಲ್ಲಿ ಹಾಕಲು ಅವಳು ಅವನಿಗೆ ಹೇಳಿದಳು. ಹಾಡು ಶುರುವಾಯಿತು. ಡ್ರಮ್ ಮೊಳಗಿ ಎದೆಗೇ ಬಂದು ಬಡಿಯಿತು, ಆಮೇಲೆ ಹಠಾತ್ತನೆ ನಿಂತಿತು. ಟರಟರ ಸದ್ದು ಬಂತು, ಹೋಯಿತು. ಯಾರಿಗೂ ವಿಶೇಷವೇನೂ ಕೇಳಿಸಲಿಲ್ಲ. ಹರಿಕೃಷ್ಣ ನಕ್ಕ. ವರಲಕ್ಷ್ಮಿ ಎದ್ದು ಕುಮಾರೇಶನ ಬಳಿಗೇ ಹೋದಳು.

"ಇನ್ನೊಂದು ಸಲ ಹಾಕಪ್ಪ. ಕೆಳಗಿನ ಗುಡುಗೂ ಇಳ್ಸು, ಮೇಲಿನ ಕಿರುಚಾಟನೂ ಇಳ್ಸು. ನಡುವೆ ಮನುಷ್ಯರು ಮಾತಾಡೋ ಎತ್ತರ ಇರ್ತದಲ್ಲ, ಅದನ್ನ ಏರ್ಸು."

ಕುಮಾರೇಶ್ ಬೆರಳಾಡಿಸಿದ. ಈ ಸಲ ಟರಟರ ಸದ್ದು ಬಿದಿರಿನ ಸದ್ದಾಯಿತು. ಅದರ ಹಿಂದಿನಿಂದ, ಮಂಟಪದ ನಾಲ್ಕೂ ಮೂಲೆಗಳಿಂದ, ಒಂದು ಮುದಿದನಿ ಎದ್ದು ಬಂತು.

"ಸಾಕು ನಿಲ್ಸ್ಲಾ ಬೀರಾ. ಹುಳ ಜ್ವರಕ್ಕೆ ಕುಂತವೆ ಕಣ್ಲಾ."

ಬೇರಿಕೆ ಕಡೆಯಿಂದ ಬಂದಿದ್ದ ಯಾರೋ ಕಿಸಕ್ಕೆಂದರು. ಅಷ್ಟೇ, ಮಂಟಪಕ್ಕೆ ಮಂಟಪವೇ ನಗೆಯಲ್ಲಿ ಮುಳುಗಿತು. ನೆಲ ಒರೆಸುತ್ತಿದ್ದ ಹೆಂಗಸು ಒರೆಸುವ ಕೋಲಿಗೆ ಒರಗಿಕೊಂಡು ನಕ್ಕಳು. ಕಣ್ಣು ಮುಚ್ಚಿ ಮೌನ ಅನುಭವಿಸಿದ್ದ ಗಿಟಾರಿಸ್ಟ್ ತನಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂತೆ ತಂತಿ ಬಿಗಿ ಮಾಡತೊಡಗಿದ.

"ನಿಮ್ಮ ಸ್ಟುಡಿಯೋದಾಗೆ ಹುಳ ಸಾಕ್ತೀರೇನಪ್ಪ?" ಎಂದು ವರಲಕ್ಷ್ಮಿ ಮೆಲ್ಲಗೆ ಕೇಳಿದಳು.

ಹರಿಕೃಷ್ಣ ಇಂಗು ತಿಂದ ಮಂಗನ ಹಾಗಾದ. ಆ ಬಿದಿರಿನ ಸದ್ದನ್ನು ಯಾವ ಕಂಪ್ಯೂಟರಿನಲ್ಲೂ ಮಾಡಲು ಬರದೆ ಮೂಲ ರೆಕಾರ್ಡಿನ ತುಂಡನ್ನೇ ತಂದು ಅಂಟಿಸಿದ್ದ. ಅಂಟಿಸುವಾಗ ಅಜ್ಜಿಯ ಬೈಗುಳವೂ ಅಂಟಿಕೊಂಡು ಬಂದದ್ದು ಅವನಿಗೆ ತಿಳಿದೇ ಇರಲಿಲ್ಲ. ಹಾಡು ತಮ್ಮದಲ್ಲ ಎಂದು ಎಲ್ಲರೆದುರಿಗೆ ಒಪ್ಪಿಕೊಂಡ. ರೆಕಾರ್ಡು ಎಲ್ಲಿಂದ ಸಿಕ್ಕಿತು ಎಂದು ಬೀರೇಶ್ ಅವನ ಕಾಲರಿಗೆ ಕೈ ಹಾಕಿದರೂ ಬಾಯಿ ಬಿಡಲಿಲ್ಲ.

ಗೋಪಾಲಪ್ಪ ನಡುವೆ ಬಂದು ಬಿಡಿಸಿದರು. ಕದ್ದದ್ದು ಹೇಗೆ ಎಂಬುದು ಆಮೇಲಿನ ಮಾತು, ಅದಿರಲಿ ಎಂದರು.

"ಕಟ್ಟಿದ್ದು ಯಾರು? ಅದನ್ನ ಹೇಳ್ರಪ್ಪ."

ತಂಡದವರೆಲ್ಲ ಸೇರಿ ಕಟ್ಟಿದ್ದು ಎಂದ ಬೀರೇಶ್. ರಾಗವನ್ನು ನಾಲ್ಕು ಜನ ಕಟ್ಟಬಹುದು, ಪದ ಒಬ್ಬರೇ ಕಟ್ಟುವುದು, ಅವರ ಹೆಸರು ಬೇಕು ಎಂದು ಗೋಪಾಲಪ್ಪ ಪಟ್ಟು ಹಿಡಿದರು. ನ್ಯಾಯಸ್ಥ ಮನುಷ್ಯ ಎಂದು ವರಲಕ್ಷ್ಮಿಗೆ ಗೌರವ ಉಕ್ಕಿತು. ಹೆಣ್ಣುಮಕ್ಕಳು ಮಾಡಿದ ಕೆಲಸಕ್ಕೆ ಗಂಡಸರ ಹೆಸರು ಅಂಟುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಇವತ್ತು ಹಾಗಾಗಕೂಡದು.

ಅವಳೇ ಹೋಗಿ ಮಾಲಾಳ ತೋಳು ಹಿಡಿದು ಎಬ್ಬಿಸಿದಳು. "ಇವಳೇ. ಮಾಲಾ. ಪ್ರತಿಯೊಂದು ಪದವೂ ಇವಳದೇ."

ಮಾಲಾ ಏನೋ ಹೇಳಲು ತುಟಿ ತೆರೆದಳು. ಅಷ್ಟರಲ್ಲಿ ಬೀರೇಶ್ ಅವಳನ್ನು ಅನಾಮತ್ತಾಗಿ ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಬೇರೆ ತಂಡದವರು ಶಿಳ್ಳೆ ಹೊಡೆದರು. ಹುಡುಗಿಯ ಮಾತು ಆ ಸಂಭ್ರಮದಲ್ಲಿ ಕರಗಿಹೋಯಿತು.

ಸಂಜೆ ಮಂಟಪ ತುಂಬಿ ತುಳುಕಿತು. ಪಾಳಿ ಮುಗಿಸಿದ ಫ್ಯಾಕ್ಟರಿ ಹುಡುಗಿಯರು ಯೂನಿಫಾರ್ಮಿನಲ್ಲೇ ಬಂದಿದ್ದರು. ಗುಲಾಬಿ ತೋಟದವರು, ಕಾಲೇಜಿನವರು, ತಮಿಳಿನವರು, ತೆಲುಗಿನವರು, ಎಲ್ಲರೂ ಬಂದಿದ್ದರು. ಬಾಳೆಎಲೆ ಹಾಸಿ ಊಟ ಬಡಿಸುವ ಕೋಣೆಯನ್ನೂ ತೆಗೆದು ಅಲ್ಲಿಯೂ ಜನ ನಿಂತರು. ದೊಡ್ಡಮುನಿಯಮ್ಮ ಮುಂದಿನ ಸಾಲಿನ ಮಧ್ಯದಲ್ಲಿ, ಮದುವೆಗೆ ಬಂದ ಹಿರಿಯಳ ಹಾಗೆ, ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಸ್ಪೀಕರಿನಲ್ಲಿ ತನ್ನ ದನಿ ಕೇಳಿದ ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು. ಪಕ್ಕದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ಹುಳುಮನೆ ವೇದಿಕೆ ಹತ್ತಿತು. ಮಾಲಾ ಮೈಕಿನ ಮುಂದೆ ಬಂದು ಜನರ ಮುಖಗಳನ್ನು ಒಂದೊಂದಾಗಿ ನೋಡಿದಳು. ವರಲಕ್ಷ್ಮಿಗೆ ಆತಂಕವಾಯಿತು. ಆಮೇಲೆ ಹುಡುಗಿ ಬೆನ್ನು ನೇರ ಮಾಡಿದಳು, ಗಂಟಲು ತೆರೆದಳು.

ಏರಿ ಮೇಲೆ ಕೆಂಪು ಚಪ್ಲಿ, ಕಾಲು ಎಲ್ಲೇ ಅಕ್ಕಾ
ನೀರು ಕಂಡ್ರೂ ಹೇಳಾಕಿಲ್ಲ, ನೀನೇ ಹೇಳೇ ಅಕ್ಕಾ

ಮೊದಲ ಸಲಕ್ಕೇ ಮಂಟಪ ಅವಳದಾಯಿತು. ಗಿಟಾರು ಗುಡುಗಿತು. ಎರಡನೆಯ ಚರಣದಲ್ಲಿ ಬೀರೇಶ್ ಬೇಕೆಂದೇ ಡ್ರಮ್ ನಿಲ್ಲಿಸಿ, ಹುಳುಮನೆಯಿಂದ ತರಿಸಿದ್ದ ಚಂದ್ರಿಕೆಯನ್ನು ತಲೆಯ ಮೇಲೆತ್ತಿ ತೋರಿಸಿ, ಮಂಡಿಗೆ ಆನಿಸಿಕೊಂಡು ತಟ್ಟಿದ. ಜನ ಹುಚ್ಚೆದ್ದು ಹೋದರು. ಕನ್ನಡ ಬಾರದವರೂ ಪದ ಹಿಡಿದರು. ನೂರಾರು ಕಂಠಗಳು ಒಟ್ಟಾಗಿ "ನೀನೇ ಹೇಳೇ ಅಕ್ಕಾ" ಎಂದು ಕೂಗಿದಾಗ ಸೀಲಿಂಗಿನ ದೀಪದ ಗೊಂಚಲು ಕಿಣಿಕಿಣಿ ಎಂದಿತು.

ವರಲಕ್ಷ್ಮಿ ಅಳುತ್ತಿದ್ದಳು, ಅದನ್ನು ಮುಚ್ಚಿಡಲೂ ಇಲ್ಲ. ಇಷ್ಟು ವರ್ಷದ ವೃತ್ತಿಯಲ್ಲಿ ಅವಳು ಸತ್ಯ ಹೊರಗೆ ತಂದಾಗಲೆಲ್ಲ ಯಾರಾದರೊಬ್ಬರ ಮನೆಯಲ್ಲಿ ಗೋಳು ಎದ್ದಿತ್ತು. ಇವತ್ತು ಮೊದಲ ಸಲ ಅವಳು ತಂದ ಸತ್ಯಕ್ಕೆ ಜನ ಕುಣಿಯುತ್ತಿದ್ದರು. ಈ ಸುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಪಕ್ಕದಲ್ಲಿ ಯಾರೋ ಬಂದು ನಿಂತರು. ಹರಿಕೃಷ್ಣ.

ಜಗಳಕ್ಕೆ ಬಂದನೇನೋ ಎಂದುಕೊಂಡಳು. ಅವನ ಮುಖದಲ್ಲಿ ಜಗಳ ಇರಲಿಲ್ಲ. ಒಣ ಜಂಬಕ್ಕೆ ಏನೇನೋ ಹೇಳಿದ್ದು ತನ್ನ ತಪ್ಪೇ, ಆದರೆ ತಾನು ಕದ್ದಿಲ್ಲ ಎಂದು ಅವಳ ಕಿವಿಯ ಹತ್ತಿರ ಬಾಗಿ ಹೇಳಿದ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಅದಕ್ಕೇ ಮಧ್ಯಾಹ್ನ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳದೆ ಇರಲು ನನಗೇ ಭಯವಾಗುತ್ತಿದೆ ಎಂದ. ತನ್ನ ಫೋನನ್ನು ಅವಳ ಕಿವಿಗೆ ಒತ್ತಿ ಹಿಡಿದ.

ಬೀರೇಶನ ಫೋನು ಕಳೆಯುವುದಕ್ಕೂ ಮೊದಲು ಬಂದ ಸಂದೇಶ ಅದು. ಹುಳುಮನೆಯಲ್ಲಿ ಅಜ್ಜಿ ಬೈದ ದಿನ ತನ್ನ ಫೋನಿನಲ್ಲೂ ರೆಕಾರ್ಡು ಮಾಡಿಕೊಂಡಿದ್ದ ಮಾಲಾಳೇ ಹಾಡನ್ನು ಕಳಿಸಿದ್ದಳು. ಜೊತೆಗೆ ಅವಳದೇ ದನಿ ಇತ್ತು.

"ಅಣ್ಣಾ, ಈ ಹಾಡು ನೀವೇ ಇಟ್ಕಳಿ. ಎಲ್ಲಾರೂ ಕೇಳ್ಬೇಕು. ನಾನು ಕಟ್ಟಿದ್ದು ಅಂತ ಮಾತ್ರ ಯಾರ್ಗೂ ಗೊತ್ತಾಗ್ಬಾರ್ದು. ಸುಧಕ್ಕ ಓಡೋಗಿಲ್ಲ. ಕೆರೆ ಏರಿ ಮೇಲೆ ಅವಳ ಚಪ್ಲಿ ಎತ್ಕಂಡು ಒಬ್ಬ ನೀರಿಗೆ ಎಸೆದಿದ್ದನ್ನ ನಾನು ನೋಡ್ದೆ. ಕತ್ಲೆ, ಮುಖ ಕಾಣ್ಲಿಲ್ಲ. ನೋಡಿದ್ದು ಯಾರು ಅಂತ ಅವನಿಗೆ ತಿಳಿದ್ರೆ ನನ್ನ ಬಿಡಾಕಿಲ್ಲ ಅಣ್ಣಾ."

ಸುಧಾ ಯಾರೆಂದು ವರಲಕ್ಷ್ಮಿಗೆ ಗೊತ್ತಿತ್ತು. ಮಾಲಾಳ ದೊಡ್ಡಪ್ಪನ ಮಗಳು. ಕಳೆದ ವರ್ಷ ಯಾರದೋ ಜೊತೆ ಓಡಿಹೋದಳು ಎಂದು ಬೇರಿಕೆಯೇ ತೀರ್ಪು ಕೊಟ್ಟು ಮರೆತಿತ್ತು.

ವರಲಕ್ಷ್ಮಿಯ ಕಣ್ಣೀರು ಅಲ್ಲೇ ಆರಿತು. ಬೀರೇಶನಿಗೆ ಏನೂ ತಿಳಿಯದು, ತಿಳಿಯದೆಯೇ ಹಾಡನ್ನು ಸ್ಪರ್ಧೆಗೆ ಕೊಟ್ಟಿದ್ದ. ಮಾಲಾ ಬಿಟ್ಟುಬಿಡಿ ಎಂದು ಬೇಡಿದ್ದು ಸೋತು ಅಲ್ಲ, ಹೆದರಿ. ಅವಳನ್ನು ತೋಳು ಹಿಡಿದು ಎಬ್ಬಿಸಿ, ಆ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿದವಳು ತಾನು.

ಹಾಡು ಮುಗಿಯಿತು. ಚಪ್ಪಾಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಗೋಪಾಲಪ್ಪ ಜನರನ್ನು ಸರಿಸಿಕೊಂಡು ವರಲಕ್ಷ್ಮಿಯ ಬಳಿ ಬಂದರು. ಕೈಯಲ್ಲಿ ಗೆದ್ದವರಿಗೆ ಹಾಕುವ ಗುಲಾಬಿ ಹಾರ ಇತ್ತು. ಮುಖದ ತುಂಬ ನಗು. ಬಹುಮಾನ ಇವರಿಗೇ ಎಂದು ಹೇಳಿ, ಆ ಹುಡುಗಿ ಯಾವೂರಿನವಳು, ಯಾರ ಮಗಳು ಎಂದು ವಿಚಾರಿಸಿದರು.

ಯಾವೂರು, ಯಾರ ಮಗಳು ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಡುವುದೇ ವರಲಕ್ಷ್ಮಿಯ ಅನ್ನ. ಅವಳು ಗೊತ್ತಿಲ್ಲ ಎಂದಳು.

ಅಷ್ಟರಲ್ಲಿ ವೇದಿಕೆಯ ಮೇಲೆ ಬೀರೇಶ್ ಮೈಕು ಕಿತ್ತುಕೊಂಡ. ಬೆವರಿನಲ್ಲಿ ತೊಯ್ದು, ಖುಷಿಯಲ್ಲಿ ನಡುಗುತ್ತಾ, ಮಾಲಾಳ ಕೈಯನ್ನು ಮೇಲೆತ್ತಿ ಹಿಡಿದಿದ್ದ.

"ಈ ಪದ ಕಟ್ಟಿದೋಳು ನಮ್ಮ ಮಾಲಾ. ನಮ್ಮ ಬೇರಿಕೆ ಆವುಲಪ್ಪನ ಮಗಳು. ಎಲ್ಲಾರೂ ಅವಳ ಹೆಸರು ಕೂಗ್ರಪ್ಪ."

ಮಂಟಪವೆಲ್ಲ ಕೂಗಿತು. ಮಾಲಾ, ಮಾಲಾ, ಮಾಲಾ.

"ಆವುಲಪ್ಪನ ಮಗಳಾ," ಎಂದು ಗೋಪಾಲಪ್ಪ ಹಾರವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು. "ಹಂಗಾದ್ರೆ ನಮ್ಮ ಸುಧಾಗೆ ತಂಗಿ ಆಗ್ಬೇಕು."

ಇಡೀ ದಿನ ಆ ಮಂಟಪದಲ್ಲಿ ಯಾರೂ ಅವರೆದುರು ಸುಧಾಳ ಹೆಸರು ಎತ್ತಿರಲಿಲ್ಲ. ಪದ ಕಟ್ಟಿದವರ ಹೆಸರೇ ಬೇಕು ಎಂದು ಪಟ್ಟು ಹಿಡಿದಿದ್ದವರೂ ಅವರೇ. ವರಲಕ್ಷ್ಮಿ ಅವರ ತೋಳಿಗೆ ಕೈ ಚಾಚುವಷ್ಟರಲ್ಲಿ ಅವರು ಜನರ ನಡುವೆ ದಾರಿ ಮಾಡಿಕೊಂಡು ಮುಂದಕ್ಕೆ ಹೋಗಿಬಿಟ್ಟಿದ್ದರು. ನಗುತ್ತಾ, ಹಾರವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡು, ಮಾಲಾ ನಿಂತಿದ್ದ ವೇದಿಕೆಯ ಮೆಟ್ಟಿಲು ಹತ್ತಿದರು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.